ರಿಪೋರ್ಟ್‌ನಲ್ಲಿ ನೀರು ಚೆನ್ನಾಗಿದೆ, ಕೆರೆಯಲ್ಲಿ ಮೀನು ಸತ್ತಿದೆ: ಯಾವುದನ್ನು ನಂಬೋದು?

ಪ್ರಶ್ನೆ: ಸರ್, ನಮ್ಮ ಮನೆ ಯಲಹಂಕದ ಕಡೆ, ಒಂದು ಸಣ್ಣ ಕೆರೆಯ ಪಕ್ಕ. ಕೆರೆ ಬತ್ತೋದೇ ಇಲ್ಲ, ವರ್ಷವಿಡೀ ತುಂಬಿರುತ್ತದೆ. ಈ ವರ್ಷದ ಮೊದಲ ಮಳೆ ಸುರಿದ ಮರುದಿನ ಬೆಳಿಗ್ಗೆ ಕೆರೆ ತುಂಬಾ ಸತ್ತ ಮೀನು ತೇಲುತ್ತಿತ್ತು. ಅದಕ್ಕೆ ವಾರದ ಮುಂಚೆಯಷ್ಟೇ ನಾವು ನೀರು ಪರೀಕ್ಷೆ ಮಾಡಿಸಿದ್ದೆವು. ಡಿಒ (ಒಂದು ಲೀಟರ್ ನೀರಿನಲ್ಲಿ ಕರಗಿರೋ ಆಮ್ಲಜನಕ, ಮಿಲಿಗ್ರಾಂ ಲೆಕ್ಕದಲ್ಲಿ) 9.2, ಪಿಎಚ್ (ಆಮ್ಲ-ಕ್ಷಾರದ ಅಳತೆ) 8.9, ‘ತೃಪ್ತಿಕರ’ ಅಂತ ರಿಪೋರ್ಟ್ ಬಂದಿತ್ತು. ಈಗ ಬಡಾವಣೆಯವರೆಲ್ಲ ಚಂದಾ ಎತ್ತಿ 40 ಸಾವಿರ ಕೂಡಿಸಿದ್ದೇವೆ. ಕಾರಂಜಿ ಹಾಕಿಸೋಣ ಅಂತ ಕೆಲವರು, ಕೊಳೆ ಕರಗಿಸುತ್ತದೆ ಅನ್ನೋ ಎನ್ಜೈಮ್ ಪುಡಿ ಸುರಿಯೋಣ ಅಂತ ಕೆಲವರು. ನಾವೇ ಮೀಟರ್ ಕೊಂಡು ಅಳೆಯೋಣ ಅಂತ ನಾನು. ಏನು ಮಾಡಲಿ? ಆ ಮೀನು ತಿನ್ನಬಹುದಾ ಅಂತಲೂ ಕೆಲವರು ಕೇಳುತ್ತಿದ್ದಾರೆ.

ಉತ್ತರ: ಕೊನೆಯದಕ್ಕೆ ಮೊದಲು ಉತ್ತರ ಹೇಳಿಬಿಡ್ತೀನಿ. ಬೇಡ. ಸತ್ತು ತೇಲಿದ ಮೀನನ್ನು ತಿನ್ನಬೇಡಿ, ನಾಯಿಗೂ ಹಾಕಬೇಡಿ, ಯಾರಾದರೂ ಬುಟ್ಟಿಯಲ್ಲಿ ತುಂಬಿಕೊಂಡು ಹೋಗ್ತಿದ್ದರೆ ತಡೆಯಿರಿ. ಅವತ್ತೇ ಬಲೆ ಹಾಕಿ ಎತ್ತಿಸಿ, ದೂರದಲ್ಲಿ ಗುಂಡಿ ತೋಡಿ ಹೂಳಿಸಬೇಕಿತ್ತು. ಅಲ್ಲೇ ಬಿಟ್ಟರೆ ಅವು ಕೊಳೆಯುವಾಗ ಉಳಿದ ಅಷ್ಟಿಷ್ಟು ಆಮ್ಲಜನಕವನ್ನೂ ತಿಂದುಹಾಕುತ್ತವೆ.

ಈಗ ರಿಪೋರ್ಟ್ ವಿಷಯ. ಮೀನು ಸುಳ್ಳು ಹೇಳಲ್ಲ. ನಿಮ್ಮ ರಿಪೋರ್ಟೂ ಸುಳ್ಳು ಹೇಳಿಲ್ಲ. ನೀವು ಕಳಿಸಿದ ಫೋಟೋದಲ್ಲಿ ತಾರೀಖು ಇದೆ, ಸಹಿ ಇದೆ, ಸೀಲ್ ಇದೆ. ಗಂಟೆ ಇಲ್ಲ. ಬಾಟಲಿಗೆ ನೀರು ತುಂಬಿದ್ದು ಎಷ್ಟು ಗಂಟೆಗೆ ಅಂತ ಬರೆದೇ ಇಲ್ಲ. ನನ್ನ ಊಹೆ ಕೇಳಿದರೆ ಮಧ್ಯಾಹ್ನ ಎರಡರ ಆಸುಪಾಸು. ಲ್ಯಾಬ್ ಹುಡುಗ ಆಫೀಸಿಗೆ ಬಂದು, ಐಸ್ ಬಾಕ್ಸ್ ತಗೊಂಡು, ಹೆಬ್ಬಾಳದ ಟ್ರಾಫಿಕ್ ದಾಟಿ ನಿಮ್ಮ ಏರಿ ಮೇಲೆ ಬಂದು ನಿಲ್ಲೋ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತದೆ, ಅಲ್ವಾ?

ಊಹೆ ಯಾಕೆ ಅಂದರೆ ಆ 9.2 ಅನ್ನೋ ಅಂಕಿಯೇ ಅದನ್ನು ಹೇಳುತ್ತಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಕಮ್ಮಿ. 25 ಡಿಗ್ರಿ ಬಿಸಿಯ ಶುದ್ಧ ನೀರು ಇಲ್ಲಿ ಗಾಳಿಯಿಂದ ಹಿಡಿದಿಟ್ಟುಕೊಳ್ಳುವುದು ಲೀಟರಿಗೆ ಏಳೂವರೆ ಮಿಲಿಗ್ರಾಂ ಹತ್ತಿರ ಹತ್ತಿರ ಆಮ್ಲಜನಕ, ಅಷ್ಟೇ. ಹಾಗಿದ್ದ ಮೇಲೆ 9.2 ಎಲ್ಲಿಂದ ಬಂತು? ಪಾಚಿಯಿಂದ. ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ತುಂಬಿಕೊಂಡಿದ್ದರೆ ಬಿಸಿಲಿನಲ್ಲಿ ಅದು ಆಮ್ಲಜನಕವನ್ನು ಉಗುಳುತ್ತಲೇ ಇರುತ್ತದೆ, ನೀರಿಗೆ ಹಿಡಿಯೋದಕ್ಕಿಂತ ಜಾಸ್ತಿ. ಇಂಗಾಲದ ಡೈ ಆಕ್ಸೈಡ್ ಹೀರಿಕೊಳ್ಳೋದರಿಂದ ಪಿಎಚ್ ಕೂಡ ಮೇಲೇರುತ್ತದೆ. ನಿಮ್ಮದು 8.9 ಬಂದಿರೋದು ಅದಕ್ಕೇ. ಸಂಜೆಯಾದ ಮೇಲೆ ಇದೇ ಪಾಚಿ ಆಮ್ಲಜನಕ ಕೊಡೋದನ್ನು ನಿಲ್ಲಿಸುತ್ತದೆ, ಉಸಿರಾಡೋದನ್ನು ಮಾತ್ರ ನಿಲ್ಲಿಸಲ್ಲ. ಮೀನೂ ಉಸಿರಾಡುತ್ತದೆ, ತಳದ ಹೂಳಿನಲ್ಲಿರೋ ಬ್ಯಾಕ್ಟೀರಿಯಾವೂ ಉಸಿರಾಡುತ್ತದೆ, ಕೊಡೋರು ಯಾರೂ ಇಲ್ಲ, ತಗೊಳ್ಳೋರೇ ಎಲ್ಲ. ರಾತ್ರಿಯಿಡೀ ಇಳಿದು ಇಳಿದು, ಸೂರ್ಯ ಹುಟ್ಟೋ ಸ್ವಲ್ಪ ಮುಂಚೆ ಡಿಒ ತೀರಾ ತಳ ಕಂಡಿರುತ್ತದೆ. ಮಧ್ಯಾಹ್ನ 9 ತೋರಿಸಿದ ಕೆರೆ ಬೆಳಗಿನ ಜಾವ 1 ತೋರಿಸಬಹುದು. ಮೀನು ಸಾಯೋದು ಆ ಹೊತ್ತಿನಲ್ಲಿ. ನಾವು ಅಳೆಯೋದು ಊಟದ ಹೊತ್ತಿನಲ್ಲಿ.

ಈ ತಪ್ಪನ್ನು ನಾನೇ ಮಾಡಿದ್ದೇನೆ. ಲ್ಯಾಬ್ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಬಡಾವಣೆಯವರಿಗೆ ಮೂರು ಗಂಟೆಯ ಬಿಸಿಲಿನಲ್ಲಿ ನೀರು ಹಿಡಿದು ‘ಮೀನಿಗೆ ಯೋಗ್ಯ’ ಅಂತ ಬರೆದುಕೊಟ್ಟಿದ್ದೆ. ಹತ್ತು ದಿನಕ್ಕೆ ಮೀನು ತೇಲಿತು. ಆ ಕಾಗದವನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಹಾಗಾದರೆ ಮೊದಲ ಮಳೆಗೇ ಯಾಕೆ ಸತ್ತವು? ಮಾರ್ಚಿಂದ ಮೇವರೆಗೆ ಬೆಂಗಳೂರಿನ ಕೆರೆಗಳಿಗೆ ಇದು ಕಷ್ಟದ ಕಾಲ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ತೇಲಿದ್ದು ನೆನಪಿರಬಹುದು. ಬೇಸಿಗೆಯಲ್ಲಿ ನೀರು ಕಮ್ಮಿ, ಬಿಸಿ ಜಾಸ್ತಿ, ಬಿಸಿ ನೀರಿಗೆ ಆಮ್ಲಜನಕ ಹಿಡಿಯೋ ಶಕ್ತಿಯೂ ಕಮ್ಮಿ. ಇಷ್ಟು ಸಾಲದು ಅಂತ, ನಾಲ್ಕೈದು ತಿಂಗಳು ರಾಜಕಾಲುವೆಯಲ್ಲಿ ಕೂತಿದ್ದ ಕಪ್ಪು ಕೆಸರು, ರಸ್ತೆಯ ಎಣ್ಣೆ, ಹೋಟೆಲಿನ ಮುಸುರೆ, ಎಲ್ಲವನ್ನೂ ಮೊದಲ ಜೋರು ಮಳೆ ಒಂದೇ ಗಂಟೆಯಲ್ಲಿ ಗುಡಿಸಿ ತಂದು ಕೆರೆಗೆ ಸುರಿಯುತ್ತದೆ. ತಳದ ಹೂಳು ಕದಡುತ್ತದೆ. ಕೊಳೆತ ಮೊಟ್ಟೆ ವಾಸನೆ ಬರುತ್ತದಲ್ಲ, ಅದು ಆ ಹೂಳಿನಿಂದ ಎದ್ದ ಹೈಡ್ರೋಜನ್ ಸಲ್ಫೈಡ್. ಮೇಲೆ ಮೋಡ ಬೇರೆ, ಪಾಚಿಗೆ ಬಿಸಿಲಿಲ್ಲ. ಮೊದಲೇ ಅಂಚಿನಲ್ಲಿದ್ದ ಕೆರೆಯ ಉಸಿರು ಆ ರಾತ್ರಿ ನಿಂತುಹೋಯಿತು. ಮಳೆ ಬರೀ ನೆಪ.

ಅಮೋನಿಯಾ ಬಗ್ಗೆಯೂ ಒಂದು ಮಾತು, ಯಾಕೆಂದರೆ ನಿಮ್ಮ ರಿಪೋರ್ಟ್‌ನಲ್ಲಿ ಅದನ್ನು ಅಳೆದೇ ಇಲ್ಲ. ಕೊಳಚೆ ನೀರಿನಲ್ಲಿ ಅಮೋನಿಯಾ ಇದ್ದೇ ಇರುತ್ತದೆ. ಪಿಎಚ್ 7 ಇದ್ದಾಗ ಅದರಲ್ಲಿ ವಿಷರೂಪದಲ್ಲಿರೋದು ನೂರಕ್ಕೆ ಒಂದು ಪಾಲಿಗಿಂತ ಕಮ್ಮಿ. ಅದೇ ಪಿಎಚ್ 9 ಆದರೆ ಮೂರನೇ ಒಂದು ಪಾಲು ದಾಟುತ್ತದೆ. ಅಂದರೆ ನಿಮ್ಮ ಕೆರೆ ಮೀನನ್ನು ಮಧ್ಯಾಹ್ನ ಅಮೋನಿಯಾದಿಂದ ಸುಡುತ್ತದೆ, ರಾತ್ರಿ ಉಸಿರು ಕಟ್ಟಿಸುತ್ತದೆ. ಇದನ್ನೂ ತಡೆದು ಬದುಕಿರೋ ಮೀನು ಕಂಡರೆ ಖುಷಿಪಡಬೇಡಿ. ಅದು ಬಹುಶಃ ಆಫ್ರಿಕನ್ ಕ್ಯಾಟ್‌ಫಿಶ್. ಮೇಲೆ ಬಂದು ನೇರವಾಗಿ ಗಾಳಿಯನ್ನೇ ಕುಡಿಯೋ ಜಾತಿ, ಚರಂಡಿಯಲ್ಲೂ ಬದುಕುತ್ತದೆ. ಕೊಕ್ಕರೆ ಬಂದಿದೆ ಅಂದರೆ ಕೆರೆ ಚೆನ್ನಾಗಿದೆ ಅನ್ನೋರೂ ಇದ್ದಾರೆ. ಕೊಕ್ಕರೆಗೆ ತಿನ್ನೋಕೆ ಏನೋ ಸಿಕ್ಕಿದೆ ಅಂತ ಅರ್ಥ, ಅಷ್ಟೇ.

ಈಗ ಅಳೆಯೋ ವಿಷಯಕ್ಕೆ ಬರೋಣ. ನಿಮ್ಮ ಯೋಚನೆ ಸರಿ. ಆದರೆ ದುಬಾರಿ ಮೀಟರ್ ಬೇಡ. ಒಳ್ಳೆ ಡಿಒ ಮೀಟರಿಗೆ ನಿಮ್ಮ ಚಂದಾದಲ್ಲಿ ದೊಡ್ಡ ಪಾಲು ಹೋಗುತ್ತದೆ. ಆಮೇಲೆ ಅದನ್ನು ಆಗಾಗ ಸರಿಹೊಂದಿಸಬೇಕು, ತುದಿಯ ಪೊರೆ ಬದಲಿಸಬೇಕು, ಆರು ತಿಂಗಳಿಗೆ ಅದು ಯಾರದೋ ಮನೆಯ ಷೋಕೇಸ್‌ನಲ್ಲಿ ಕೂತಿರುತ್ತದೆ. ಹನಿ ಹಾಕಿ ಬಣ್ಣ ನೋಡೋ ಡಿಒ ಕಿಟ್ ಸಾಕು. ಪಾಯಿಂಟ್ ಲೆಕ್ಕದ ನಿಖರತೆ ನಿಮಗೆ ಬೇಕಿಲ್ಲ. ಒಂದಾ, ನಾಲ್ಕಾ, ಏಳಾ ಅಂತ ಗೊತ್ತಾದರೆ ಆಯಿತು.

ಆ ಕಿಟ್‌ನ ಮೂಲದ ವಿಧಾನವನ್ನು ವಿಂಕ್ಲರ್ ವಿಧಾನ ಅಂತಾರೆ. ಮೊದಲ ಸಲ ನೋಡಿದವರಿಗೆ ಮರೆಯೋಕಾಗಲ್ಲ. ಗಾಜಿನ ಬಾಟಲಿಗೆ ಒಂದು ಗುಳ್ಳೆಯೂ ಉಳಿಯದ ಹಾಗೆ ನೀರು ತುಂಬಬೇಕು. ಅದಕ್ಕೆ ಮ್ಯಾಂಗನೀಸಿನ ದ್ರಾವಣ, ಆಮೇಲೆ ಕ್ಷಾರದ ದ್ರಾವಣ. ಮುಚ್ಚಿ ತಲೆಕೆಳಗು ಮಾಡಿದರೆ ಒಳಗೆ ಮೋಡದ ಹಾಗೆ ಗಸಿ ಹುಟ್ಟುತ್ತದೆ. ಆಮ್ಲಜನಕ ಚೆನ್ನಾಗಿದ್ದರೆ ಆ ಗಸಿ ರಾಗಿ ಹಿಟ್ಟಿನ ಹಾಗೆ ಕಂದು. ಇಲ್ಲವೇ ಇಲ್ಲ ಅಂದರೆ ಒಡೆದ ಹಾಲಿನ ಹಾಗೆ ಬಿಳಿ. ಬೆಳಗಿನ ಐದೂವರೆಗೆ ಟಾರ್ಚ್ ಬೆಳಕಿನಲ್ಲಿ ಆ ಬಿಳಿ ಗಸಿ ಕೆಳಗೆ ಕೂರೋದನ್ನು ನಿಮ್ಮ ಕಮಿಟಿಯ ನಾಲ್ಕು ಜನ ಒಮ್ಮೆ ನೋಡಲಿ. ಆಮೇಲೆ ಕಾರಂಜಿ ಬೇಕಾ ಬೇಡವಾ ಅನ್ನೋ ಚರ್ಚೆಯ ದಾರಿಯೇ ಬದಲಾಗುತ್ತದೆ. ಒಂದು ಎಚ್ಚರಿಕೆ: ಆ ದ್ರಾವಣಗಳು ಚರ್ಮ ಸುಡುತ್ತವೆ. ಗ್ಲೌಸ್ ಹಾಕಿ, ಮಕ್ಕಳ ಕೈಗೆ ಕೊಡಬೇಡಿ, ಮುಗಿದ ಮೇಲೆ ಕೆರೆಗೇ ಚೆಲ್ಲಬೇಡಿ. ಇದನ್ನು ಹೇಳೋ ಅಗತ್ಯ ಇರಬಾರದು, ಆದರೆ ಚೆಲ್ಲಿದವರನ್ನು ನೋಡಿದ್ದೇನೆ.

ನೀರು ಹಿಡಿಯೋದು ದಡದ ಕಸದ ಪಕ್ಕದಲ್ಲಿ ಅಲ್ಲ. ಮೇಲಿನ ಕೆನೆಯನ್ನೂ ಹಿಡಿಯಬಾರದು. ಒಂದೂವರೆ ಗೇಣು ಆಳಕ್ಕೆ ಬಾಟಲಿ ಮುಳುಗಿಸಿ ಅಲ್ಲಿ ಮುಚ್ಚಳ ತೆಗೆಯಿರಿ. ಮೂರು ಜಾಗ ಸಾಕು: ರಾಜಕಾಲುವೆ ಕೆರೆಗೆ ಸೇರೋ ಬಾಯಿ, ತೂಬಿನ ಹತ್ತಿರ, ಕೋಡಿಯ ಹತ್ತಿರ. ಪ್ರತಿಸಲ ಅವೇ ಮೂರು. ಹದಿನೈದು ದಿನಕ್ಕೊಮ್ಮೆ ಬೆಳಗಿನ ಜಾವ ಒಂದು ಸಲ, ಅದೇ ದಿನ ಮಧ್ಯಾಹ್ನ ಇನ್ನೊಂದು ಸಲ. ನನಗೆ ಮುಖ್ಯ ಅನಿಸೋದು ಈ ಎರಡರ ನಡುವಿನ ಅಂತರ. ಬೆಳಿಗ್ಗೆ 5, ಮಧ್ಯಾಹ್ನ 7 ಇದ್ದರೆ ಕೆರೆ ಆರಾಮಾಗಿದೆ. ಬೆಳಿಗ್ಗೆ 1, ಮಧ್ಯಾಹ್ನ 12 ಅಂದರೆ ಜ್ವರ ಏರಿ ಇಳಿದು ಮಾಡುತ್ತಿದೆ.

ಇದರ ಜೊತೆಗೆ, ನೀರು ಎಷ್ಟು ತಿಳಿಯಾಗಿದೆ ಅಂತ ನೋಡೋಕೆ, ಒಂದು ತಟ್ಟೆ. ಹೌದು, ತಟ್ಟೆ. 20 ಸೆಂಟಿಮೀಟರ್ ಅಗಲದ ಸ್ಟೀಲ್ ಮುಚ್ಚಳ ಮನೆಯಲ್ಲೇ ಇರುತ್ತದೆ. ಅದನ್ನು ನಾಲ್ಕು ಭಾಗ ಮಾಡಿ ಎದುರುಬದುರಿಗೆ ಕಪ್ಪು ಬಿಳಿ ಪೇಂಟ್ ಹೊಡೆಯಿರಿ. ನಡುವೆ ತೂತು ಮಾಡಿ ಹಗ್ಗ ಕಟ್ಟಿ, ಕೆಳಗೆ ಒಂದು ಭಾರದ ನಟ್ಟು ಹಾಕಿ, ಹಗ್ಗಕ್ಕೆ ಹತ್ತು ಹತ್ತು ಸೆಂಟಿಮೀಟರಿಗೆ ಗಂಟು. ನೆತ್ತಿ ಬಿಸಿಲಿನ ಹೊತ್ತಿನಲ್ಲಿ, ನಿಮ್ಮದೇ ನೆರಳಿನ ಕಡೆ ಇಳಿಬಿಟ್ಟು, ಎಲ್ಲಿ ಮಾಯವಾಗುತ್ತದೆ ಅಂತ ಗುರುತು ಮಾಡಿ. ಮೇಲೆತ್ತುವಾಗ ಎಲ್ಲಿ ಕಾಣುತ್ತದೆ ಅಂತಲೂ ನೋಡಿ, ಎರಡರ ಸರಾಸರಿ ಬರೆಯಿರಿ. ಸೆಕಿ ಅನ್ನೋ ಇಟಲಿಯ ಪಾದ್ರಿ 1865ರಲ್ಲಿ ಸಮುದ್ರದಲ್ಲಿ ಮಾಡಿದ ಕೆಲಸ ಇದು. ಇವತ್ತಿಗೂ ಪ್ರಪಂಚದ ಎಷ್ಟೋ ಕೆರೆ ಸರೋವರಗಳಲ್ಲಿ ಇದನ್ನೇ ಮಾಡುತ್ತಾರೆ. ನಿಮ್ಮ ಕೆರೆಯಲ್ಲಿ ಎರಡನೇ ಗಂಟಿಗೇ ತಟ್ಟೆ ಮಾಯವಾದರೆ ನನಗೇನೂ ಆಶ್ಚರ್ಯ ಇಲ್ಲ.

ಮೂರು ತಿಂಗಳಿಗೊಮ್ಮೆ ಮಾತ್ರ ಎನ್‌ಎಬಿಎಲ್ (ಲ್ಯಾಬ್‌ಗಳನ್ನು ಪರಿಶೀಲಿಸೋ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರೋ ಲ್ಯಾಬಿಗೆ ಕೊಡಿ: ಬಿಒಡಿ (ನೀರಿನಲ್ಲಿರೋ ಕೊಳೆಯನ್ನು ಕರಗಿಸೋಕೆ ಬ್ಯಾಕ್ಟೀರಿಯಾಕ್ಕೆ ಬೇಕಾಗೋ ಆಮ್ಲಜನಕ), ಅಮೋನಿಯಾ, ಫಾಸ್ಫೇಟ್, ಮಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾ. ಬಾಟಲಿಗಳು ಐಸ್ ಪೆಟ್ಟಿಗೆಯಲ್ಲಿ ಹೋಗಲಿ, ಸ್ಕೂಟರ್ ಡಿಕ್ಕಿಯಲ್ಲಿ ಅಲ್ಲ. ಕೋಲಿಫಾರ್ಮಿಗೆ ಲ್ಯಾಬಿನವರೇ ಕೊಡೋ ಸ್ಟೆರೈಲ್ ಬಾಟಲಿಯನ್ನೇ ಬಳಸಿ. ನೀರು ತುಂಬಿದ ಗಂಟೆಯನ್ನು ರಿಪೋರ್ಟ್ ಮೇಲೆ ಬರೆಯಲೇಬೇಕು ಅಂತ ಹೇಳಿ. ಬರೆಯಲ್ಲ ಅಂದರೆ ಬೇರೆ ಲ್ಯಾಬ್ ಹುಡುಕಿ.

ಈವರೆಗೆ ಹೇಳಿದ್ದೆಲ್ಲ ಕೆರೆಯೊಳಗಿನದು. ಕಾಯಿಲೆ ಇರೋದು ಹೊರಗೆ. ಒಂದು ಪ್ರಶ್ನೆ ಕೇಳ್ತೀನಿ: ಏಪ್ರಿಲ್‌ನಲ್ಲಿ ನಿಮ್ಮ ಕೆರೆ ಬತ್ತುತ್ತದಾ? ಬತ್ತಲ್ಲ, ವರ್ಷವಿಡೀ ತುಂಬಿರುತ್ತದೆ ಅಂತ ನೀವು ಹೆಮ್ಮೆಯಿಂದ ಬರೆದಿದ್ದೀರಿ. ಬೆಂಗಳೂರಿನ ಕೆರೆಗಳೆಲ್ಲ ಮನುಷ್ಯರು ಏರಿ ಕಟ್ಟಿ ನಿಲ್ಲಿಸಿದವು. ಇಲ್ಲಿ ವರ್ಷವಿಡೀ ಹರಿಯೋ ನದಿ ಇಲ್ಲ. ಮಳೆಗಾಲದಲ್ಲಿ ತುಂಬಿ, ಕೋಡಿ ಹರಿದು ಕೆಳಗಿನ ಕೆರೆಗೆ ಹೋಗಿ, ಬೇಸಿಗೆಗೆ ಬತ್ತಿ ತಳ ಬಿಡೋದೇ ಇವುಗಳ ಗುಣ. ತಳ ಬಿಟ್ಟಾಗ ರೈತರು ಗಾಡಿ ಕಟ್ಟಿ ಹೂಳು ಎತ್ತಿ ಹೊಲಕ್ಕೆ ಹೊಡೆಯುತ್ತಿದ್ದರು. ಕೆರೆಗೂ ಲಾಭ, ರಾಗಿಗೂ ಲಾಭ. ಇವತ್ತು ಏಪ್ರಿಲ್‌ನಲ್ಲೂ ತುಂಬಿರೋ ಕೆರೆ ಅಂದರೆ, ಮೇಲೆ ಸಂಸ್ಕರಣಾ ಘಟಕ ಇಲ್ಲದಿದ್ದರೆ, ಅದರೊಳಗಿರೋದು ಬಹುಪಾಲು ನಿಮ್ಮ ನಮ್ಮ ಬಚ್ಚಲಿನ ನೀರು. ಕಾವೇರಿಯಿಂದ ಬಂದು, ಟ್ಯಾಂಕರಿನಲ್ಲಿ ಬಂದು, ಬಚ್ಚಲಲ್ಲಿ ಹರಿದು, ರಾಜಕಾಲುವೆ ಹಿಡಿದು ಕೆರೆ ಸೇರಿದ ನೀರು.

ಇದನ್ನು ಕಂಡುಹಿಡಿಯೋ ಪರೀಕ್ಷೆಗೆ ಒಂದು ರೂಪಾಯಿ ಖರ್ಚಿಲ್ಲ. ಹತ್ತು ದಿನ ಮಳೆಯೇ ಬಾರದ ಹೊತ್ತಿನಲ್ಲಿ, ಬೆಳಿಗ್ಗೆ ಏಳರಿಂದ ಒಂಬತ್ತರ ನಡುವೆ, ಕೆರೆ ಬಾಯಿಂದ ರಾಜಕಾಲುವೆ ಹಿಡಿದು ಮೇಲಕ್ಕೆ ನಡೆಯಿರಿ. ಅದು ಮಳೆನೀರಿನ ಕಾಲುವೆ. ಮಳೆ ಇಲ್ಲದಾಗ ಅದು ಒಣಗಿರಬೇಕು. ಹರಿಯುತ್ತಿದೆ ಅಂದರೆ ಅದು ಕೊಳಚೆ. ಆ ಹೊತ್ತು ಯಾಕೆ ಅಂದರೆ ಎಲ್ಲರ ಮನೆಯಲ್ಲೂ ಸ್ನಾನ, ವಾಷಿಂಗ್ ಮಷೀನ್, ಪಾತ್ರೆ ಒಟ್ಟಿಗೆ ನಡೆಯುತ್ತಿರುತ್ತದೆ. ಬೂದುಬಣ್ಣದ ನೀರಿನ ಮೇಲೆ ಸೋಪಿನ ನೊರೆ, ಅದರಲ್ಲಿ ತೇಲೋ ಒಂದೆರಡು ಅನ್ನದ ಅಗುಳು. ಬೆಳ್ಳಂದೂರು, ವರ್ತೂರು ಕೋಡಿಯಲ್ಲಿ ರಸ್ತೆಗೆ ಹಾರುತ್ತಿದ್ದ ನೊರೆಯನ್ನು ಟಿವಿಯಲ್ಲಿ ನೋಡಿದ್ದೀರಲ್ಲ, ಅದರ ಚಿಕ್ಕ ಮರಿ ಅದು.

ಕಂಡಕ್ಟಿವಿಟಿ (ನೀರಿನಲ್ಲಿ ಕರಗಿದ ಲವಣ ಹೆಚ್ಚಿದಷ್ಟೂ ಏರೋ ಅಂಕಿ) ಅಳೆಯೋ ಪೆನ್ ಅಗ್ಗಕ್ಕೆ ಸಿಗುತ್ತದೆ, ಆರ್‌ಒ ರಿಪೇರಿಯವರು ಜೇಬಲ್ಲಿಟ್ಟುಕೊಂಡು ಬರುವ ಟಿಡಿಎಸ್ ಪೆನ್ನಿನ ಅಣ್ಣ. ಪ್ರತಿ ಮೋರಿ ಸೇರೋ ಜಾಗದ ಮೇಲೆ ಒಮ್ಮೆ, ಕೆಳಗೆ ಒಮ್ಮೆ ಅದ್ದಿ ನೋಡಿ. ಯಾವ ಜಾಗದಲ್ಲಿ ಅಂಕಿ ತಟ್ಟನೆ ಜಿಗಿಯುತ್ತದೋ ಅಲ್ಲಿ ಯಾರದೋ ಪೈಪ್ ಒಳಗೆ ಬಂದಿದೆ. ಫೋಟೋ ತೆಗೆಯಿರಿ, ಲೊಕೇಷನ್ ಹಾಕಿ, ಗಂಟೆ ಬರೆಯಿರಿ. ಒಬ್ಬರೇ ಹೋಗಬೇಡಿ, ಕಾಲುವೆಗೆ ಇಳಿಯಲೇಬೇಡಿ, ಮೇಲಿನಿಂದ ಹಗ್ಗ ಕಟ್ಟಿದ ಮಗ್ಗಿನಲ್ಲಿ ಎತ್ತಿ. ಆ ಪೈಪ್ ನಿಮ್ಮದೇ ಅಪಾರ್ಟ್‌ಮೆಂಟಿನದ್ದು ಅಂತ ಗೊತ್ತಾಗೋ ಸಾಧ್ಯತೆಗೂ ತಯಾರಾಗಿರಿ. ನಾನು ನೋಡಿದ ಹಾಗೆ ಕಮಿಟಿಗಳು ಮುರಿದುಬೀಳೋದು ಸಾಮಾನ್ಯವಾಗಿ ಈ ಹಂತದಲ್ಲಿ.

ಒಡೆದ ಒಳಚರಂಡಿ, ಉಕ್ಕೋ ಮ್ಯಾನ್‌ಹೋಲ್ ಆದರೆ ಜಲಮಂಡಳಿಗೆ ದೂರು. ಅಪಾರ್ಟ್‌ಮೆಂಟಿನ ಎಸ್‌ಟಿಪಿ (ಕೊಳಚೆ ಸಂಸ್ಕರಣಾ ಘಟಕ), ಕಾರ್ಖಾನೆ ಆದರೆ ಮಾಲಿನ್ಯ ನಿಯಂತ್ರಣ ಮಂಡಳಿಗೆ. ಕಸ, ಕಾಲುವೆ ಒತ್ತುವರಿ ಆದರೆ ಪಾಲಿಕೆಗೆ. 1974ರ ಜಲ ಕಾಯ್ದೆ ಪ್ರಕಾರ ಗೊತ್ತಿದ್ದೂ ಹೀಗೆ ಕೊಳಕು ಬಿಡೋ ಹಾಗಿಲ್ಲ. ನೀವು ಹಿಡಿದ ಬಾಟಲಿ ಕೋರ್ಟಿನಲ್ಲಿ ನಿಲ್ಲಲ್ಲ. ಅದಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯವರೇ ಬಂದು ಕಾಯ್ದೆ ಹೇಳಿದ ಕ್ರಮದಲ್ಲಿ ನೀರು ಹಿಡಿಯಬೇಕು. ಆದರೆ ಅವರನ್ನು ಸರಿಯಾದ ಜಾಗಕ್ಕೆ, ಸರಿಯಾದ ಹೊತ್ತಿಗೆ ಕರೆಸೋಕೆ ನಿಮ್ಮ ನೋಟ್‌ಬುಕ್ ಬೇಕು. ‘ಕೆರೆ ಗಲೀಜಾಗಿದೆ’ ಅಂತ ಬರೆದ ಅರ್ಜಿಗೂ, ‘ಇಂಥ ಮೋರಿಯಿಂದ ಬೆಳಿಗ್ಗೆ 7.40ಕ್ಕೆ ಇಷ್ಟು’ ಅಂತ ಆರು ವಾರದ ಲೆಕ್ಕ ಇರೋ ಅರ್ಜಿಗೂ ಎಂಜಿನಿಯರ್ ಮುಖದಲ್ಲಿ ಕಾಣೋ ವ್ಯತ್ಯಾಸವೇ ಬೇರೆ.

ಇದೇ ಮಾಲಿನ್ಯ ನಿಯಂತ್ರಣ ಮಂಡಳಿ ನಗರದ ಕೆರೆಗಳಿಗೆ ಎ ಇಂದ ಇ ವರೆಗೆ ದರ್ಜೆ ಕೊಡುತ್ತದೆ. ಬೆಂಗಳೂರಿನವಕ್ಕೆ ಡಿ ಇಲ್ಲವೇ ಇ ಸಿಗೋದೇ ಹೆಚ್ಚು. ಡಿ ಅಂದರೆ ಮೀನು, ಪಕ್ಷಿಗಳು ಬದುಕಬಹುದಾದ ನೀರು: ಡಿಒ 4 ಅಥವಾ ಹೆಚ್ಚು, ಪಿಎಚ್ 6.5ರಿಂದ 8.5, ಮುಕ್ತ ಅಮೋನಿಯಾ ಲೀಟರಿಗೆ 1.2 ಮಿಲಿಗ್ರಾಂ ಮೀರಬಾರದು. ನಿಮ್ಮ ರಿಪೋರ್ಟಿನ ಪಿಎಚ್ 8.9 ಈ ಗೆರೆಯನ್ನೇ ದಾಟಿದೆ ನೋಡಿ. ಅದಕ್ಕೆ ‘ತೃಪ್ತಿಕರ’ ಅಂತ ಹೇಗೆ ಬರೆದರೋ ಅವರನ್ನೇ ಕೇಳಿ. ನಿಮ್ಮ ಗುರಿಯೂ ಡಿ ಆಗಿರಲಿ, ಆದರೆ ಬೆಳಗಿನ ಐದೂವರೆಯ ಡಿ. ಈಜೋ ನೀರು, ಕುಡಿಯೋ ನೀರು ಅಂತೆಲ್ಲ ಕನಸು ಬೇಡ.

ಕಾರಂಜಿ? ನೋಡೋಕೆ ಚೆಂದ. ತನ್ನ ಸುತ್ತ ನಾಲ್ಕು ಮಾರು ನೀರಿಗೆ ಉಸಿರು ಕೊಡುತ್ತದೆ. ಕರೆಂಟ್ ಬಿಲ್ ಕಟ್ಟೋಕೆ ಬೇಜಾರಾಗಿ ರಾತ್ರಿ ಆಫ್ ಮಾಡುತ್ತಾರೆ, ಅಂದರೆ ಬೇಕಾದ ಹೊತ್ತಿನಲ್ಲೇ ಇರಲ್ಲ. ಪಾಚಿಗೆ ಗೊಬ್ಬರವಾಗೋ ಫಾಸ್ಫರಸ್ ಒಂದು ಗ್ರಾಮೂ ಕಮ್ಮಿಯಾಗಲ್ಲ. ಎನ್ಜೈಮ್ ಬಗ್ಗೆ ಇನ್ನೂ ನಿಷ್ಠುರವಾಗಿ ಹೇಳ್ತೀನಿ: ಕೊಳಚೆ ನೀರಿನಲ್ಲಿ ಕೊಳೆ ಕರಗಿಸೋ ಬ್ಯಾಕ್ಟೀರಿಯಾಕ್ಕೆ ಬರವಿಲ್ಲ, ಬರ ಇರೋದು ಆಮ್ಲಜನಕಕ್ಕೆ. ಮೇಲಿಂದ ಕೊಳಚೆ ಬರ್ತಾನೇ ಇರುವಾಗ ಡಬ್ಬಿಗಟ್ಟಲೆ ಪುಡಿ ಸುರಿಯೋದು ನಲ್ಲಿ ಬಿಟ್ಟುಕೊಂಡು ನೆಲ ಒರೆಸಿದ ಹಾಗೆ.

ಜಕ್ಕೂರು ಕೆರೆ ನಿಮಗೆ ಹತ್ತಿರವೇ ಇದೆ, ಒಂದು ಭಾನುವಾರ ಎಲ್ಲರೂ ಹೋಗಿ ಬನ್ನಿ. ಅಲ್ಲಿ ಕೊಳಚೆ ನೀರು ಮೊದಲು ಸಂಸ್ಕರಣಾ ಘಟಕಕ್ಕೆ ಹೋಗಿ, ಅಲ್ಲಿಂದ ಜೊಂಡು ಬೆಳೆದ ಜೌಗು ದಾಟಿ ಆಮೇಲೆ ಕೆರೆ ಸೇರುತ್ತದೆ. ಘಟಕ ಕೊಳೆಯನ್ನು ತೆಗೆದರೂ ಸಾರಜನಕ, ಫಾಸ್ಫರಸ್ ಸಾಕಷ್ಟು ಉಳಿದುಬಿಡುತ್ತದೆ. ಅದರಲ್ಲಿ ಒಂದು ಪಾಲನ್ನು ಜೊಂಡು ತಿನ್ನುತ್ತದೆ. ಜೊಂಡನ್ನು ಆಗಾಗ ಕೊಯ್ದು ಹೊರಗೆ ಸಾಗಿಸಬೇಕು. ಇಲ್ಲದಿದ್ದರೆ ಅಲ್ಲೇ ಸತ್ತು, ತಿಂದಿದ್ದನ್ನೆಲ್ಲ ವಾಪಸ್ ಕೊಡುತ್ತದೆ. ಅಂತರಗಂಗೆಗೂ ಅದೇ ಮಾತು, ಕಿತ್ತು ದಡದಲ್ಲೇ ರಾಶಿ ಹಾಕಿದರೆ ಮುಂದಿನ ಮಳೆಗೆ ಅದರ ರಸ ಕೆರೆಗೇ. ನಿಮ್ಮಲ್ಲಿ ಘಟಕ ಇಲ್ಲ, ಸರಿ. ಆದರೆ ಕಾಲುವೆ ಬಾಯಿಯಲ್ಲಿ ಒಂದು ಹೂಳುಗುಂಡಿ, ಅದರ ಹಿಂದೆ ಜೊಂಡಿನ ಪಟ್ಟಿ ಕೇಳಬಹುದು. ಪಾಲಿಕೆಯವರು ‘ಇಡೀ ಕಾಲುವೆಯನ್ನೇ ತಿರುಗಿಸಿಬಿಡ್ತೀವಿ’ ಅಂದರೆ ಮಾತ್ರ ತಕ್ಷಣ ಹೂಂ ಅನ್ನಬೇಡಿ. ಕೊಳಚೆ ಜೊತೆ ಮಳೆನೀರೂ ತಿರುಗಿಹೋಗಿ ಕೆರೆ ಆಟದ ಮೈದಾನ ಆಗುತ್ತದೆ.

ಸಣ್ಣಪುಟ್ಟದ್ದೂ ಇವೆ. ಗಣೇಶನನ್ನು ಕಲ್ಯಾಣಿಯಲ್ಲೇ ಬಿಡಿ. ಮೀನಿಗೆ ಬ್ರೆಡ್, ಬಾತುಕೋಳಿಗೆ ಪುರಿ ಹಾಕೋದು ಪುಣ್ಯ ಅಲ್ಲ, ಅದೂ ಗೊಬ್ಬರವೇ. ವಾಕಿಂಗ್ ದಾರಿಯ ಪಕ್ಕದ ಹುಲ್ಲಿಗೆ ಯೂರಿಯಾ ಬೇಡ. ನೀರಿನ ಮೇಲೆ ಹಸಿರು ಪೇಂಟ್ ಚೆಲ್ಲಿದ ಹಾಗೆ ಪಾಚಿ ಕಟ್ಟಿದರೆ ದನ, ನಾಯಿ ಆ ನೀರು ಕುಡಿಯದ ಹಾಗೆ ನೋಡಿಕೊಳ್ಳಿ, ಕೆಲವು ಜಾತಿಯ ಪಾಚಿಯಲ್ಲಿ ಲಿವರಿಗೆ ಬಡಿಯೋ ವಿಷ ಇರುತ್ತದೆ.

ನಿಮ್ಮ 40 ಸಾವಿರದಲ್ಲಿ ಡಿಒ ಕಿಟ್, ಕಂಡಕ್ಟಿವಿಟಿ ಪೆನ್, ಪಿಎಚ್ ಮತ್ತು ಅಮೋನಿಯಾ ಪಟ್ಟಿಗಳು, ಎರಡು ಟಾರ್ಚ್, ಗ್ಲೌಸ್ ತಗೊಳ್ಳಿ. ಮಿಕ್ಕಿದ್ದನ್ನು ಲ್ಯಾಬ್ ಪರೀಕ್ಷೆಗೆ ಎತ್ತಿಡಿ. ಬೆಳಗಿನ ಡಿಒ 2ಕ್ಕಿಂತ ಕೆಳಗೆ ಬಂದ ವಾರ ಮೋಡ ಕವಿದರೆ, ಮೀನು ಗುತ್ತಿಗೆ ಹಿಡಿದವರಿಗೆ ಅವತ್ತು ಸಂಜೆಯೇ ಫೋನ್ ಮಾಡಿ. ಮೂರು ತಿಂಗಳ ಪುಟಗಳ ಫೋಟೋ ನನಗೂ ಕಳಿಸಿ, ನೋಡಿ ಹೇಳ್ತೀನಿ. ನೋಟ್‌ಬುಕ್‌ನಲ್ಲಿ ಮೊದಲ ಕಾಲಂ ತಾರೀಖು, ಎರಡನೆಯದು ಗಂಟೆ.